ಅಂಚು ಕತ್ತರಿಸಿದ ಮೂರು ಸಂಪುಟಗಳು

ಲಿಫ್ಟಿನೊಳಗೆ ಅವನು ನಿಲ್ಲಬಹುದಿತ್ತು, ಮಲಗುವಂತಿರಲಿಲ್ಲ. ಫೋರ್ಮನ್ ಟೇಪು ಹಿಡಿದು ಎರಡು ಸಲ ಅಳೆದ. ಬಾಗಿಲಿನಿಂದ ಹಿಂದಿನ ಕನ್ನಡಿಯವರೆಗೆ ನಾಲ್ಕೂವರೆ ಅಡಿ. ಮೂಲೆಯಿಂದ ಮೂಲೆಗೆ ಹಿಡಿದರೂ ಆರು ಮುಟ್ಟಲಿಲ್ಲ. ಹದಿನೇಳು ವರ್ಷ ಊರ ತುಂಬ ಲಿಫ್ಟು ರಿಪೇರಿ ಮಾಡಿದವನನ್ನು ನಾಲ್ಕನೇ ಮಹಡಿಯಿಂದ ಮೆಟ್ಟಿಲ ಮೇಲೇ ಇಳಿಸಬೇಕೆಂದು ತೀರ್ಮಾನವಾಯಿತು.

"ಈ ಲಿಫ್ಟು ಕಂಡ್ರೆ ಅವನಿಗೆ ಆಗ್ತಿರಲಿಲ್ಲ," ಎಂದ ಫೋರ್ಮನ್, ಟೇಪನ್ನು ಜೇಬಿಗೆ ಹಾಕುತ್ತ. "ಬೇರೆ ಕಂಪನೀದು, ನನ್ನ ಮಾತು ಕೇಳಲ್ಲ ಅಂತಿದ್ದ. ಇವತ್ತೂ ಕೇಳಲಿಲ್ಲ ನೋಡಿ."

ಯಾರೋ ನಕ್ಕು, ಅದನ್ನು ಕೆಮ್ಮಿನಲ್ಲಿ ಮುಚ್ಚಿಕೊಂಡರು. ತೀರಿಕೊಂಡವನ ಹೆಂಡತಿ ಬಾಗಿಲಿಗೆ ಒರಗಿ ನಿಂತಿದ್ದಳು. ನಗಬೇಕೋ ಬೇಡವೋ ಅವಳಿಗೆ ತಿಳಿಯಲಿಲ್ಲ. ನಿನ್ನೆ ಬೆಳಗ್ಗೆಯಿಂದ ಅವಳಿಗೆ ಯಾವುದೂ ಸರಿಯಾಗಿ ತಿಳಿಯುತ್ತಿರಲಿಲ್ಲ. ತಿಂಡಿ ತಿನ್ನುತ್ತ ಕೂತವನು ಎದೆ ಹಿಡಿದುಕೊಂಡಿದ್ದ. ಆಂಬುಲೆನ್ಸು ಬರುವಷ್ಟರಲ್ಲಿ ಮುಗಿದಿತ್ತು.

ಅವನ ಅಕ್ಕ ಬಂದಾಗ ಹನ್ನೊಂದಾಗಿತ್ತು. ಆರು ವರ್ಷದಲ್ಲಿ ಅವಳು ಈ ಮನೆಗೆ ಬಂದಿದ್ದು ಇದೇ ಮೊದಲು. ಅಕ್ಕ ಯಾಕೆ ಬರಲ್ಲ ಎಂದು ಕೇಳಿದಾಗಲೆಲ್ಲ ಅವನು, ಅವಳಿಗೆ ಮಂಡಿನೋವು, ಲಿಫ್ಟೆಂದರೆ ಭಯ ಅನ್ನುತ್ತಿದ್ದ. ಅಕ್ಕ ನಾಲ್ಕು ಮಹಡಿಯನ್ನೂ ಸರಸರ ಹತ್ತಿ ಬಂದಳು. ತಮ್ಮನ ಮುಖ ನೋಡಿದಳು, ಹಣೆ ಮುಟ್ಟಿದಳು, ಅಳಲಿಲ್ಲ. ಎದ್ದು ಕಪಾಟಿನ ಮುಂದೆ ನಿಂತಳು. ಅಲ್ಲಿ ಕೆಂಪು ಕ್ಯಾಲಿಕೊ ಬಟ್ಟೆಯ ರಟ್ಟು ಹಾಕಿ ಕಟ್ಟಿದ ಮೂರು ದಪ್ಪ ಸಂಪುಟಗಳಿದ್ದವು.

"ಇವೇನಾ?"

"ಹೌದು ಅಕ್ಕಾ."

"ಆಮೇಲೆ ನೋಡ್ತೀನಿ," ಎಂದು, ಮುಟ್ಟದೆ ಹಿಂದೆ ಸರಿದಳು.

ಅವನ ಚಿಕ್ಕಪ್ಪ ಪಕ್ಕದವರಿಗೆ ಆ ಪುಸ್ತಕಗಳ ಕತೆ ಹೇಳತೊಡಗಿದರು. ನಮ್ಮ ಹುಡುಗ ಅವನ್ನೊಮ್ಮೆ ಹಳೇ ಪುಸ್ತಕದ ಅಂಗಡಿಗೆ ಒಯ್ದು ತೋರಿಸಿದ್ದನಂತೆ. ಇಂಥವು ಅಚ್ಚಾದಾಗಲೇ ಲಕ್ಷಗಟ್ಟಲೆ ಅಚ್ಚಾಗಿವೆ, ತೂಕಕ್ಕೆ ಹಾಕಬೇಕಷ್ಟೆ ಎಂದು ಅಂಗಡಿಯವನು ತಿರುಗಿಯೂ ನೋಡಲಿಲ್ಲವಂತೆ. ಹೆಂಡತಿ ಕೇಳಿಸಿಕೊಂಡಳು. ಬೆಲೆಯ ಮಾತು ಅವಳಿಗೆ ತಾಕಲಿಲ್ಲ. ಎಂಟು ವರ್ಷದ ಸಂಸಾರದಲ್ಲಿ ತಾನು ಕೊಟ್ಟದ್ದರ ಪೈಕಿ ಅವನು ನಿಜವಾಗಿ ಖುಷಿಪಟ್ಟದ್ದು ಆ ಮೂರು ಸಂಪುಟಕ್ಕೆ ಎಂದು ಅವಳು ನಂಬಿದ್ದಳು. ಇವತ್ತು ಹಿಡಿದುಕೊಳ್ಳಲು ಅವಳಿಗಿದ್ದದ್ದು ಆ ನಂಬಿಕೆ ಒಂದೇ. ಅಕ್ಕ ಅವನ್ನು ಕೇಳಿದರೆ ಇಲ್ಲ ಎನ್ನಬೇಕೆಂದು ನಿಶ್ಚಯಿಸಿಕೊಂಡಳು.

*

ಆ ಸಂಪುಟಗಳೊಳಗಿದ್ದದ್ದು ಒಟ್ಟು ಐವತ್ಮೂರು ಕಾಮಿಕ್ಸು. ಬೀದಿಯ ಬಾಡಿಗೆ ಪುಸ್ತಕದ ಅಂಗಡಿ ಮುಚ್ಚಿದಾಗ ಅಕ್ಕ ತಮ್ಮ ಇಬ್ಬರೂ ಚಿಕ್ಕಂದಿನಲ್ಲಿ ಹೊತ್ತು ತಂದವು. ಕೆಲವಕ್ಕೆ ಮುಖಪುಟವಿಲ್ಲ, ಕೆಲವಕ್ಕೆ ಕೊನೆಯಿಲ್ಲ. ಒಂದು ಉದ್ದ, ಇನ್ನೊಂದು ಗಿಡ್ಡ. ಮದುವೆಯಾದ ಮೇಲೂ ಭಾನುವಾರ ಅವನು ರಟ್ಟಿನ ಪೆಟ್ಟಿಗೆಯಿಂದ ಒಂದನ್ನು ಎತ್ತಿಕೊಂಡು ಬಾಲ್ಕನಿಯ ನೆಲದ ಮೇಲೆ ಕೂರುತ್ತಿದ್ದ. ಪಿನ್ನು ತುಕ್ಕು ಹಿಡಿದು ಹಾಳೆಗಳು ಕಳಚುತ್ತಿದ್ದವು. ಓದಿದ್ದಕ್ಕಿಂತ ಜೋಡಿಸಿದ್ದೇ ಹೆಚ್ಚು.

ಹೆಂಡತಿ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದಳು. ಮದುವೆಯ ಎರಡನೇ ವರ್ಷ, ಅವನು ಕೆಲಸದ ಮೇಲೆ ನಾಲ್ಕು ದಿನ ಬೇರೆ ಊರಿಗೆ ಹೋದಾಗ, ಪೆಟ್ಟಿಗೆಯನ್ನು ಪ್ರೆಸ್ಸಿಗೆ ಒಯ್ದಳು. ಮುದಿ ಬೈಂಡರ್ ಒಂದರ ಮೇಲೊಂದು ಪೇರಿಸಿ ನೋಡಿ, ಒಂದಕ್ಕೊಂದು ತಾಳೆಯಿಲ್ಲ, ಮೂರೂ ಕಡೆ ಕಟಿಂಗ್ ಕೊಡಲೇ ಎಂದು ಕೇಳಿದ. ಎಲ್ಲ ಸಮ ಮಾಡಿಬಿಡಿ ಎಂದಳು. ಎಲ್ಲಕ್ಕಿಂತ ಗಿಡ್ಡನೆಯದರ ಅಳತೆಗೆ ಎಲ್ಲವೂ ಸಮವಾದವು.

ಅವನು ಬಂದ ರಾತ್ರಿ ಸಂಪುಟಗಳನ್ನು ಮೇಜಿನ ಮೇಲಿಟ್ಟಳು. ಅವನು ಮೊದಲನೆಯದನ್ನು ತೆರೆಯುವ ಮುನ್ನ, ಅಂಚಿನ ಉದ್ದಕ್ಕೂ ಹೆಬ್ಬೆರಳಾಡಿಸಿದ. "ಎಷ್ಟು ನೀಟಾಗಿದೆ," ಎಂದ. ಆಮೇಲೆ ಸ್ನಾನಕ್ಕೆ ಹೋದ. ಬಹಳ ಹೊತ್ತು ನೀರು ಸುರಿಯುವ ಸದ್ದು ಕೇಳುತ್ತಿತ್ತು.

ಬಿಟ್ಟುಹೋದ ಅಕ್ಷರ ಹುಡುಕುವುದೇ ಅವಳ ಅನ್ನ. ಆ ಮೂರು ಸಂಪುಟಗಳನ್ನು ಮಾತ್ರ ಅವಳು ತೆರೆದು ನೋಡಲಿಲ್ಲ. ಅವು ಅವನವು.

*

ವಿದ್ಯುತ್ ಚಿತಾಗಾರದ ಹೊರಗೆ ಸಿಮೆಂಟಿನ ಬೆಂಚುಗಳಿದ್ದವು. ಸರದಿಯಲ್ಲಿ ಇವರಿಗಿಂತ ಮುಂದೆ ಇನ್ನೂ ಎರಡು ಹೆಣಗಳಿದ್ದವು. ಫೋರ್ಮನ್ ಕಡೆಯವರು ದೂರದಲ್ಲಿ ಗುಂಪಾಗಿ ನಿಂತು, ಅವನು ಹೊಸ ಕಟ್ಟಡದಲ್ಲಿ ಅರ್ಧಕ್ಕೆ ಬಿಟ್ಟ ಕೆಲಸವನ್ನು ಯಾರು ಮುಗಿಸಬೇಕೆಂದು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ಬೈಂಡರ್ ಬಂದು ಅವಳ ಪಕ್ಕದಲ್ಲಿ ಕೂತ. ಅಂಟು ಒಣಗಿದ ಉಗುರುಗಳನ್ನು ಸ್ವಲ್ಪ ಹೊತ್ತು ಕೆರೆದುಕೊಂಡ.

"ನಿಮ್ಮ ಯಜಮಾನ್ರು ಹೇಳಬೇಡಿ ಅಂದಿದ್ರು ಮೇಡಂ. ಇನ್ನು ಇಟ್ಕೊಂಡು ನಾನೇನು ಮಾಡ್ಲಿ. ಪುಸ್ತಕ ಕಟ್ಟಿಕೊಟ್ಟೆನಲ್ಲ, ಮಾರನೇ ದಿನ ನಿಮ್ಮ ಊಟದ ಹೊತ್ತಲ್ಲಿ ಹಿಂದಿನ ಗೇಟಿಂದ ಬಂದ್ರು. ಕಟಿಂಗ್ ಚೂರೆಲ್ಲ ಎಲ್ಲಿ ಹಾಕ್ತೀರಿ ಅಂದ್ರು."

ಅವಳು ತಿರುಗಿ ನೋಡಿದಳು.

"ಚೀಲ ತೋರಿಸ್ದೆ. ನೆಲದ ಮೇಲೆ ಸುರಿದುಕೊಂಡು ಒಂದೊಂದೇ ಎಳೆ ಎತ್ತಿ ನೋಡಿದ್ರು. ಮರುದಿನಾನೂ ಬಂದ್ರು. ಮೂರನೇ ದಿನ ಬರೋ ಹೊತ್ತಿಗೆ ಚೀಲ ರದ್ದಿ ಲಾರೀಗೆ ಹೋಗಿತ್ತು."

"ಏನು ಹುಡುಕ್ತಿದ್ರು?"

"ಪೆನ್ಸಿಲ್ ಗೆರೆ. ಅಕ್ಕಂದೊಂದು, ತಮ್ಮಂದೊಂದು. ಒಬ್ರು ಓದಿ ನಿಲ್ಲಿಸಿದ ಕಡೆ ಅಂಚಲ್ಲಿ ಗೆರೆ ಹಾಕೋರಂತೆ, ಇನ್ನೊಬ್ರು ಅದನ್ನ ದಾಟಿ ಓದಬಾರದಂತೆ. ಶಾವಿಗೆ ಥರ ಬಿದ್ದಿರೋ ಚೂರಲ್ಲಿ ಎಲ್ಲಿ ಹುಡುಕ್ತಾರೆ?" ಬೈಂಡರ್ ಕೈ ಮಡಿಲಲ್ಲಿಟ್ಟುಕೊಂಡ. "ನನಗೊಂದು ಮಾತು ಅನ್ನಲಿಲ್ಲ. ನಿಮ್ಮ ಹೆಸರೂ ಎತ್ತಲಿಲ್ಲ."

ಒಳಗಿನಿಂದ ಗುಮಾಸ್ತ ಅವರ ಸರದಿಯ ಸಂಖ್ಯೆ ಕೂಗಿದ. ಅವಳು ಎದ್ದು ಹೋಗಿ, ತೋರಿಸಿದ ಕಡೆ ಸಹಿ ಹಾಕಿದಳು.

*

ಸಂಜೆ ಮನೆಯಲ್ಲಿ ಉಳಿದದ್ದು ಐದಾರು ಜನ. ಅವರು ಹೊರಕೋಣೆಯಲ್ಲಿ ಟೀ ಕುಡಿಯುತ್ತಿದ್ದರು. ಅಕ್ಕ ಮುಖ ತೊಳೆದು ಬಂದು ಕಪಾಟಿನ ಮುಂದೆ ನೆಲದ ಮೇಲೆ ಕೂತಳು. ಹೆಂಡತಿಯೂ ಹೋಗಿ ನಿಂತಳು. ಇಲ್ಲ ಎನ್ನಬೇಕೆಂದಿದ್ದ ನಿಶ್ಚಯ ಎಲ್ಲಿ ಹೋಯಿತೋ ತಿಳಿಯಲಿಲ್ಲ.

"ಫೋನ್ ಮಾಡಿ ಅವನೇ ಹೇಳಿದ್ದ," ಎಂದಳು ಅಕ್ಕ, ಸಂಪುಟಗಳನ್ನು ನೋಡುತ್ತಲೇ. "ಬುದ್ಧಿ ಕೆಟ್ಟು ಬೈಂಡಿಂಗ್ ಮಾಡಿಸಿಬಿಟ್ಟೆ ಅಕ್ಕಾ, ಗೆರೆಯೆಲ್ಲ ಹೋಯ್ತು, ಬಯ್ಯಬೇಡ ಅಂದ. ಬಾಯಿಗೆ ಬಂದಹಾಗೆ ಬೈದೆ. ಅಪ್ಪನ ಮನೆ ಪಾಲಾದಾಗ ನಾವಿಬ್ಬರೂ ಒಂದು ಕೆಟ್ಟ ಮಾತು ಆಡಿರಲಿಲ್ಲ. ಈ ರದ್ದಿಗೆ ಆಡಿದೆ. ನಿನ್ನ ಮನೆ ಮೆಟ್ಟಿಲು ಹತ್ತಲ್ಲ ಅಂದೆ. ಹತ್ತಲೂ ಇಲ್ಲ."

ಹೊರಗೆ ಚಿಕ್ಕಪ್ಪ ಯಾರನ್ನೋ ಸಕ್ಕರೆ ಕೇಳುತ್ತಿದ್ದರು.

ಸುಮ್ಮನಿದ್ದರೆ ಇದು ಹೀಗೇ, ಅವನ ತಪ್ಪಾಗಿಯೇ ಉಳಿಯುತ್ತದೆ ಎಂದು ಹೆಂಡತಿಗೆ ಹೊಳೆಯಿತು. ಅವನು ಹೀಗೇ ಉಳಿಯಲೆಂದು ಬಿಟ್ಟು ಹೋಗಿದ್ದ. ಅಲ್ಲಗಳೆಯಲು ಇನ್ನು ಯಾರೂ ಇರಲಿಲ್ಲ. ಬೈಂಡರ್ ಬಾಯಿ ಬಿಡುವವನಲ್ಲ.

"ಅವರಲ್ಲ ಅಕ್ಕಾ," ಎಂದಳು. "ನಾನು. ಅವರು ಊರಲ್ಲಿರಲಿಲ್ಲ. ನಾನೇ ತಗೊಂಡು ಹೋಗಿ ಕಟ್ ಮಾಡಿಸಿದ್ದು. ಗೆರೆ ಇತ್ತು ಅಂತ ಇವತ್ತಿನವರೆಗೂ ಗೊತ್ತಿರಲಿಲ್ಲ."

ಅಕ್ಕ ತಲೆಯೆತ್ತಿ ಅವಳನ್ನು ನೋಡಿದಳು. ಆ ನೋಟದಲ್ಲಿ ಏನಿತ್ತೆಂದು ಹೇಳುವುದು ಕಷ್ಟ. ಬೈಗುಳವೊಂದು ಗಂಟಲವರೆಗೆ ಬಂದು, ಯಾರಿಗೆ ಹೋಗಬೇಕೆಂದು ತಿಳಿಯದೆ ನಿಂತ ಹಾಗಿತ್ತು. "ಆರು ವರ್ಷ," ಎಂದಳು.

ಆಮೇಲೆ ಎರಡನೇ ಸಂಪುಟವನ್ನು ಎಳೆದು ತೆರೆದಳು. ಕಟ್ಟು ಬಿಗಿಯಾಗಿತ್ತು, ಪುಟಗಳು ಒತ್ತಿ ಹಿಡಿಯದೆ ನಿಲ್ಲುತ್ತಿರಲಿಲ್ಲ.

"ಈ ಕಡೆ ಹಿಡ್ಕೋ," ಎಂದಳು.

ಅವಳು ಪಕ್ಕದಲ್ಲಿ ಕೂತು ಬಲಗಡೆಯ ರಟ್ಟನ್ನು ತನ್ನ ಮಂಡಿಯ ಮೇಲೆ ಒರಗಿಸಿಕೊಂಡು ಹಿಡಿದಳು. ಆ ಪುಟದ ಚಿತ್ರದಲ್ಲಿ ದೀಪಸ್ತಂಭದ ಕಾವಲುಗಾರನೊಬ್ಬ ಬಿರುಗಾಳಿಯಲ್ಲಿ ದೋಣಿಯವರನ್ನು ಕೂಗುತ್ತಿದ್ದ. ಬಲ ಅಂಚಿನಲ್ಲಿ ಅವನ ಮಾತಿನ ಗುಳ್ಳೆ ಅರ್ಧಕ್ಕೆ ಕತ್ತರಿಸಿಹೋಗಿತ್ತು. ಪ್ರತಿ ಸಾಲೂ ಕುಂಟುತ್ತಿತ್ತು. ದಿನಕ್ಕೆ ನೂರು ತಪ್ಪು ಹಿಡಿಯುವ ಕಣ್ಣಿಗೆ ಈಗ ಅದು ಕಂಡಿತು.

ಅಕ್ಕ ಓದತೊಡಗಿದಳು. ಸಣ್ಣ ಮಕ್ಕಳಂತೆ ಸಾಲಿನ ಕೆಳಗೆ ಬೆರಳಿಟ್ಟು, ಒಂದೇ ದನಿಯಲ್ಲಿ, ಎಲ್ಲೂ ತಡವರಿಸದೆ. ಪುಟ ಮುಗಿದ ಕಡೆ ಬೆರಳು ನಿಲ್ಲಲಿಲ್ಲ. ಅಂಚು ದಾಟಿ ಪಕ್ಕದವಳ ಮಂಡಿಯ ಮೇಲೆ ಒಂದಿಷ್ಟು ದೂರ ಹೋಗಿ, ಅಲ್ಲಿರಬೇಕಿದ್ದ ಮಾತನ್ನೂ ನೆನಪಿನಿಂದ ಓದಿ ಮುಗಿಸಿ, ಮುಂದಿನ ಸಾಲಿಗೆ ಹಿಂದಿರುಗುತ್ತಿತ್ತು.