ಹೊರಗಿನ ಕೋಣೆಯ ಪುಸ್ತಕಗಳು

ಮಕ್ಕಳಿಗೆ ಪುಸ್ತಕ ಕೊಡುವುದರಲ್ಲಿ ಲತಾಳದು ಅವಳದೇ ಒಂದು ರೀತಿ. ಹೊರಕೆರೆದೇವಪುರದಿಂದ ಹೊಳಲ್ಕೆರೆಗೆ ಹೋಗುವ ಬಸ್ಸು ನಿಲ್ಲುವ ಕಡೆ ಅವಳ ಪಂಚಾಯಿತಿ ಗ್ರಂಥಾಲಯ. ಮಗುವೊಂದು ಒಳಗೆ ಬಂದರೆ ಯಾವ ಪುಸ್ತಕ ಬೇಕು ಎಂದು ಅವಳು ಕೇಳುತ್ತಿರಲಿಲ್ಲ. ಎದುರಿಗೆ ಕೂರಿಸಿಕೊಂಡು, "ಇವತ್ತು ಯಾರ ಮ್ಯಾಲೆ ಸಿಟ್ಟು ಬಂತು? ಯಾತಕ್ಕೆ ನಗು ಬಂತು?" ಎನ್ನುವಳು. ಉತ್ತರ ಕೇಳಿ, ಸುಮ್ಮನೆ ಎದ್ದು ಹೋಗಿ, ಒಂದು ಪುಸ್ತಕ ತಂದು ಕೈಗಿಡುವಳು. ಮೇಷ್ಟ್ರ ಮೇಲೆ ಕೆಂಡವಾಗಿದ್ದವನಿಗೆ ಮೇಷ್ಟ್ರನ್ನು ಕತ್ತೆ ಹೊತ್ತುಕೊಂಡು ಹೋದ ಕಥೆ. ತಮ್ಮ ಹುಟ್ಟಿದನೆಂದು ಮುನಿದವಳಿಗೆ ಕರಡಿಮರಿ ಸಾಕಿದ ಅಕ್ಕನ ಕಥೆ. ದೇವರಿಗೆ ಒಪ್ಪುವ ಹೂವನ್ನೇ ಹುಡುಕಿ ಏರಿಸುವಷ್ಟು ಶ್ರದ್ಧೆ ಆ ಕೆಲಸದಲ್ಲಿ.

ಏಳನೇ ಕ್ಲಾಸಿನ ಕಾವ್ಯಶ್ರೀ ಮಾತ್ರ ಆವತ್ತು ತಾನೇ ಪ್ರಶ್ನೆ ಕೇಳಿದಳು. ಕಪಾಟಿನ ಮರೆಗೆ ನಿಂತು, ಲಂಗದ ಅಂಚು ಹಿಂಡುತ್ತಾ, "ಲತಕ್ಕ, ಮೈಯಾಗಿಂದ ರಕ್ತ ಹೋದ್ರೆ ಸತ್ತೋಗ್ತಾರಾ?"

ಲತಾಳ ಎದೆಯಲ್ಲಿ ಸಿಟ್ಟಿನ ಕಿಡಿ ಹತ್ತಿದ್ದು ಆಗಲೇ. ಮಗು ತಾನು ಸಾಯುತ್ತೇನೆಂದು ತಿಳಿದುಕೊಂಡಿದೆ. ಮನೆ ತುಂಬ ಹೆಂಗಸರಿದ್ದಾರೆ, ಒಬ್ಬರೂ ಹೇಳಿಲ್ಲ. ಲತಾ ಕೂಡ ಆ ಹುಡುಗಿಯ ಕುರಿಗಾಹಿಗಳ ಹಟ್ಟಿಯಲ್ಲೇ ಹುಟ್ಟಿದವಳು. ಅವಳಿಗೂ ಯಾರೂ ಹೇಳಿರಲಿಲ್ಲ. ಹುಡುಗಿಯ ತಲೆ ಸವರಿ, ಎಲ್ಲ ಬಿಡಿಸಿ ಹೇಳಿ, ಹೆಣ್ಣುಮಕ್ಕಳ ಮೈ ಬೆಳೆಯುವ ಬಗೆಯನ್ನು ಚಿತ್ರ ಸಮೇತ ತಿಳಿಸುವ ಪುಟ್ಟ ಪುಸ್ತಕವೊಂದನ್ನು ಚೀಲಕ್ಕೆ ಹಾಕಿ ಕಳಿಸಿದಳು.

ಎರಡು ದಿನ ಕಳೆದು ಕಾವ್ಯಶ್ರೀಯ ತಾತ ಮುದ್ದಣ್ಣ ಬಂದ. ಹಟ್ಟಿ ದೇವರ ಪೂಜಾರಿ. ಲತಾಗೆ ಸೋದರಮಾವ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಒಳಗೆ ಬಾರದೆ ಬಾಗಿಲಲ್ಲೇ ನಿಂತ.

"ಬಾ ಮಾವ, ಕುಂತ್ಕ."

"ಕೂರಾಕೆ ಬಂದಿಲ್ಲ. ಆ ಹೊಲಸು ಪುಸ್ತಕ ಕೊಟ್ಟಿದ್ದು ನೀನೇನಾ?"

"ಹೊಲಸು ಅಂತ ಯಾರು ಹೇಳಿದ್ರು? ಓದಿದೀಯ?"

"ಅದ್ನ ನಾನು ಮುಟ್ಟಾದಾ? ಮಗ ಜುಂಜೇಶ ನೋಡಿದಾನೆ, ಚಿತ್ರ ಬ್ಯಾರೆ ಅವಂತೆ! ಮಕ್ಕಳಿಗೆ ನಾಕು ಒಳ್ಳೆ ಮಾತಿರೋ ಪುಸ್ತಕ ಕೊಡೋದು ಬಿಟ್ಟು..."

"ಮಗು ಸಾಯ್ತೀನಿ ಅಂದ್ಕಂಡಿತ್ತು ಮಾವ! ಸಾಯಲ್ಲ ಅಂತ ಹೇಳಾದಕ್ಕಿಂತ ಒಳ್ಳೆ ಮಾತು ಯಾವ್ದೈತೆ?"

ಮುದ್ದಣ್ಣ ಕೋಲು ಕುಟ್ಟಿದ. "ವಾದ ಬ್ಯಾಡ. ಅವಳೀಗ ಹೊರಗಾಗಿ ಹಟ್ಟಿ ಆಚೆ ಕೋಣೆಗೆ ಹೋಗಿದಾಳೆ. ಪುಸ್ತಕಾನೂ ಜತೀಗೇ ಹಾಕ್ಸಿದೀನಿ. ಹೊರಗಿನ ಸುದ್ದಿ ಹೊರಗೇ ಇರ್ಲಿ. ಇವತ್ತಿಂದ ಆ ಕೋಣೆಗೆ ಹೋದ ಪುಸ್ತಕ ಹಟ್ಟಿ ಒಳಕ್ಕೆ ಬರಂಗಿಲ್ಲ, ಅದ್ನ ಗಂಡಸ್ರು ಮುಟ್ಟಂಗಿಲ್ಲ. ದೇವ್ರ ಮುಂದೆ ನಿಂತು ಹೇಳಿದೀನಿ. ಅವಳನ್ನ ಇನ್ನು ಇಲ್ಲಿಗೂ ಕಳ್ಸಲ್ಲ. ಮನೇಲಿ ಪುಸ್ತಕ ಕಂಡ್ರೆ ಒಲೆಗೆ."

ಅಷ್ಟು ಹೇಳಿ ಹೊರಟೇಬಿಟ್ಟ. ಲತಾ ಬಾಗಿಲಿಕ್ಕಿ ಕೂತಳು. ಓದಿಲ್ಲ, ಮುಟ್ಟಿಲ್ಲ, ತೀರ್ಪು ಕೊಟ್ಟಾಯಿತು. ಇನ್ನು ಆ ಹುಡುಗಿಯ ಓದು ಇಲ್ಲಿಗೆ ಮುಗಿಯಿತು.

ಸಂಜೆ ಹಟ್ಟಿಗೆ ನಡೆದಳು. ಬೇಲಿಯ ಹೊರಗೆ ಚಪ್ಪಲಿ ಬಿಟ್ಟು, ದೇವರ ಗುಡ್ಲಿನ, ಆ ಪುಟ್ಟ ಹುಲ್ಲು ಗುಡಿಸಲಿನ ಮುಂದೆ ನಿಂತಳು. ದಿನವೂ ಮನಸ್ಸು ತಿಳಿಯಾಗುತ್ತಿದ್ದ ಜಾಗ ಅದು. ಆವತ್ತು ಕೈ ಮುಗಿದರೂ ಮನಸ್ಸು ಮಣಿಯಲಿಲ್ಲ. "ಕುರಿ ಈದಾಗ ನೀನು ಮೂಗು ಮುಚ್ಕಂಡಿಲ್ಲ ತಂದೆ," ಎಂದಳು ಗಟ್ಟಿಯಾಗಿಯೇ. "ಈ ಮಗೀಗೆ ಯಾಕೆ ಮುಚ್ಕಂತೀಯ? ನೀನು ಮುಚ್ಕಂಡಿದೀಯೋ, ಇವ್ರೇ ನಿನ್ನ ಮೂಗು ಹಿಡ್ದವ್ರೋ?" ದೀಪ ಸುಮ್ಮನೆ ಉರಿಯುತ್ತಿತ್ತು. ದೇವರು ಯಾವತ್ತೂ ಹೀಗೆ ಬೈಸಿಕೊಂಡು ಅಭ್ಯಾಸವಿದ್ದವನಂತೆ ತಾಳ್ಮೆಯಿಂದಲೇ ಇದ್ದ.

ಹಟ್ಟಿಯ ಬೇಲಿಯಾಚೆ ನಾಲ್ಕಾರು ಮಾರು ದೂರಕ್ಕೆ, ಹೊರಗಾದ ಹೆಂಗಸರಿಗೆಂದು ಸರ್ಕಾರದವರು ಕಟ್ಟಿಸಿದ ಆ ಕೋಣೆ. ಬಾಗಿಲಲ್ಲಿ ಕಾವ್ಯಶ್ರೀ ಪುಸ್ತಕ ಹಿಡಿದು ಕೂತಿದ್ದಳು. ಮುದ್ದಣ್ಣನ ಹೆಂಡತಿ ಕಾಟಮ್ಮ ಅನ್ನದ ತಟ್ಟೆಯನ್ನು ದೂರದಲ್ಲಿಟ್ಟು, ಹೊರಟು ಹೋಗದೆ, ಅಲ್ಲೇ ಕುಕ್ಕರಗಾಲಲ್ಲಿ ಕೂತಿದ್ದಳು.

"ಏನತ್ತೆ, ಮಾವ ಬೈಯಲ್ವಾ?"

"ಬೈಲಿ ಬಿಡು. ಈ ಹುಡುಗಿ ಓದಿದ್ದು ಕೇಳ್ದೆ ಕಣೆ." ಕಾಟಮ್ಮನ ದನಿ ಒಡೆಯಿತು. "ನಾನು ಇದೇ ಜಾಗದಾಗೆ ಗುಡ್ಲಲ್ಲಿ ಮಳೇಲಿ ಕುಂತಿದ್ದೋಳು. ಏನ್ ಪಾಪ ಮಾಡಿದೀನೋ, ದೇವ್ರು ತಿಂಗಳಿಗೊಂದು ಸಲ ಸಿಟ್ಟಾಗ್ತಾನೆ ಅಂತ ಅಳ್ತಿದ್ದೆ. ಇಷ್ಟು ಸಣ್ ವಿಷ್ಯನಾ ಅದು? ಇಷ್ಟು ಸಣ್ ವಿಷ್ಯಕ್ಕೆ ನನ್ನ ಇಡೀ ವಯಸ್ಸು ಹೆದರ್ಸಿದ್ರಾ?"

ಲತಾಗೆ ಸಮಾಧಾನ ಹೇಳಬೇಕೆನಿಸಲಿಲ್ಲ. ಮುದುಕಿಯ ಆ ಸಿಟ್ಟು ನ್ಯಾಯವಾದದ್ದು, ಅದು ಆರಬಾರದು. ಕತ್ತಲಾಗುವ ಹೊತ್ತಿಗೆ ಹಿಂದಿರುಗುವಾಗ ಮಾವ ಬೆಳಿಗ್ಗೆ ಆಡಿದ ಮಾತು ಮತ್ತೆ ಮತ್ತೆ ನೆನಪಾಯಿತು. ಬೇಲಿ ದಾಟುವಾಗ ಥಟ್ಟನೆ ನಿಂತಳು. ಆ ಕೋಣೆಗೆ ಹೋದ ಪುಸ್ತಕ ಗಂಡಸರು ಮುಟ್ಟಂಗಿಲ್ಲ. ಒಳಕ್ಕೆ ತರಂಗಿಲ್ಲ. ಹಾಗಾದರೆ ಸುಡುವುದು ಹೇಗೆ?

ಮರುದಿನ ಗೊಬ್ಬರದ ಚೀಲವೊಂದನ್ನು ತೊಳೆದು ಒಣಗಿಸಿ, ಆರಿಸಿ ಆರಿಸಿ ಪುಸ್ತಕ ತುಂಬಿದಳು. ಕತ್ತೆಯ ಕಥೆ, ಕರಡಿಮರಿಯ ಕಥೆ, ನಕ್ಷತ್ರದ ಬಗೆಗಿನದು, ಮರಿ ಕಳೆದುಕೊಂಡ ಕುರಿಗಾಹಿ ಹುಡುಗಿಯದು. ತಲೆಯ ಮೇಲೆ ಹೊತ್ತು ಕುರಿ ರೊಪ್ಪದ ಮುಂದೆಯೇ ಹಾದುಹೋದಳು. ಕುರಿಗಳನ್ನು ಹೊರಗೆ ಬಿಡುತ್ತಿದ್ದ ಮುದ್ದಣ್ಣ ಅಡ್ಡ ಬಂದ.

"ಲೇ, ಏನದು?"

"ಪುಸ್ತಕ. ಕೋಣೆಗೆ."

"ಬ್ಯಾಡ ಅಂದಿದ್ನಲ್ಲ!"

"ಮನೀಗೆ ಬ್ಯಾಡ ಅಂದೆ, ತರಲಿಲ್ಲ. ಕೋಣೆಗೆ ಹೋದದ್ದು ಅಲ್ಲೇ ಇರ್ಬೇಕು, ಗಂಡಸ್ರು ಮುಟ್ಬಾರ್ದು ಅಂತ ದೇವ್ರ ಮುಂದೆ ಹೇಳ್ದೋನು ನೀನು. ನಾನು ನಿನ್ನ ಮಾತೇ ನಡೆಸ್ತಿದೀನಿ. ಬೇಕಾದ್ರೆ ಬಂದು ಕಿತ್ಕ."

ಮುದ್ದಣ್ಣನ ಕೋಲು ಮೇಲೆದ್ದಿತು. ಕೋಣೆಯ ಕಡೆ ನೋಡಿದ, ದೇವರ ಗುಡ್ಲಿನ ಕಡೆ ನೋಡಿದ. ಕೋಲು ಇಳಿಯಿತು. "ನಿನ್ ತಾಯಿ ಇಂಥೋಳಲ್ಲ," ಎಂದು ಉಗುಳಿದ.

"ಹೂಂ. ಅವಳಿಗೆ ಯಾರೂ ಪುಸ್ತಕ ಕೊಡಲಿಲ್ಲ."

ಆ ತಿಂಗಳು ಹೋಗಿ ಮುಂದಿನ ತಿಂಗಳು ಬಂತು. ಹೊರಗಾಗದಿದ್ದ ಹುಡುಗಿಯರೂ ಶಾಲೆ ಬಿಟ್ಟ ಮೇಲೆ ಕೋಣೆಯ ಕಡೆ ಓಡತೊಡಗಿದರು. ತಿರುಗಿ ಬರುವಾಗ ಸ್ನಾನ ಮಾಡಿ ಒಳಗೆ ಬಂದರೆ ಯಾರೂ ಏನೂ ಅನ್ನುವಂತಿರಲಿಲ್ಲ. ಒಂದು ಸಂಜೆ ಕಾವ್ಯಶ್ರೀ ಕುರಿಗಾಹಿ ಹುಡುಗಿಯ ಕಥೆಯನ್ನು ಗಟ್ಟಿಯಾಗಿ ಓದುತ್ತಿದ್ದಳು. ಕಾಟಮ್ಮ ಕೇಳುತ್ತಿದ್ದಳು, ಲತಾ ಗೋಡೆಗೊರಗಿದ್ದಳು. ಹುಡುಗಿ ಮರಿಯನ್ನು ಹುಡುಕುತ್ತಾ ಹಳ್ಳಕ್ಕೆ ಇಳಿದಿದ್ದಾಳೆ, ತೋಳದ ಹೆಜ್ಜೆ ಕಂಡಿದೆ. ಅಲ್ಲಿಗೆ ಕತ್ತಲಾಗಿ, ಕಾವ್ಯಶ್ರೀ ಪುಸ್ತಕ ಮುಚ್ಚಿದಳು.

ಬೇಲಿಯ ಆಚೆಯಿಂದ ಕೆಮ್ಮು ಕೇಳಿತು. ಕಂಬಳಿ ಹೊದ್ದ ಮುದ್ದಣ್ಣ ಕುರಿ ಎಣಿಸುವ ನೆಪದಲ್ಲಿ ನಿಂತಿದ್ದ. ಯಾವಾಗಿನಿಂದ ನಿಂತಿದ್ದನೋ.

"ಮಗಾ," ಎಂದ. "ಆ ಮರಿ ಸಿಕ್ತಾ?"

ಕಾವ್ಯಶ್ರೀ ಬಾಯಿ ತೆರೆದಳು. ಲತಾ ಅವಳ ತೋಳು ಹಿಡಿದಳು.

"ಹೇಳಬ್ಯಾಡ," ಎಂದಳು. ಆಮೇಲೆ ಬೇಲಿಗೆ ಕೇಳುವಂತೆ ಗಟ್ಟಿಯಾಗಿ, "ಪುಸ್ತಕ ಇಲ್ಲೇ ಐತೆ ಮಾವ. ಬಂದು ಓದ್ಕ."