ಬಾಗಿಲಾಚೆಯ ಹೆಜ್ಜೆಗಳು

"ಅವಳೇ ಅಲ್ಲವೇ ಬಂದದ್ದು?" ಎಂದು ಅನಂತಪದ್ಮನಾಭ ಕೇಳಿಯೇಬಿಟ್ಟ. ಇಷ್ಟು ಬೇಗ ಕೇಳಬಾರದಿತ್ತು.

ಎದುರಿಗೆ ಗಾಲಿಕುರ್ಚಿಯಲ್ಲಿ ಕೂತಿದ್ದ ಮುದುಕ ಲೆಸ್ಟರ್ ಕಿವಿಯ ಯಂತ್ರ ಸರಿಮಾಡಿಕೊಂಡ. "ಯಾರು?"

"ಸಿನಿಮಾದ ಕೊನೆಯಲ್ಲಿ. ಮೆಟ್ಟಿಲ ಮೇಲೆ."

ವಾಲ್ನಟ್ ಕ್ರೀಕಿನ ಆ ವೃದ್ಧಾಶ್ರಮದ ಅಂಗಳದಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಐವತ್ತು ವರ್ಷಗಳ ಹಿಂದೆ ಹಾಲಿವುಡ್ಡಿನವರು ತೆಗೆದ ಆ ಅಪರಾಧದ ಚಿತ್ರಕ್ಕೆ ಕೆಲಸ ಮಾಡಿದವರಲ್ಲಿ ಉಳಿದವನು ಲೆಸ್ಟರ್ ಒಬ್ಬನೇ. ಪಾತ್ರಗಳ ಹೆಜ್ಜೆ ಸದ್ದನ್ನು ಸ್ಟುಡಿಯೋದ ಮೈಕಿನ ಮುಂದೆ ತಾನೇ ನಡೆದು ಹುಟ್ಟಿಸುವುದು ಅವನ ಕಸುಬಾಗಿತ್ತು.

ಕೊನೆಯ ದೃಶ್ಯದಲ್ಲಿ ಪತ್ತೇದಾರ ಕತ್ತಲಲ್ಲಿ ಕೂತಿದ್ದಾನೆ. ಬಿಟ್ಟುಹೋದ ಹೆಂಡತಿ ಬರಬಹುದು, ಕೊಲೆಗಾರನೂ ಬರಬಹುದು. ಮರದ ಮೆಟ್ಟಿಲ ಮೇಲೆ ಹೆಜ್ಜೆಗಳು ಏರಿಬರುತ್ತವೆ. ಬಾಗಿಲ ಬಳಿ ನಿಲ್ಲುತ್ತವೆ. ಅಲ್ಲಿಗೆ ಚಿತ್ರ ಮುಗಿಯುತ್ತದೆ.

ಅನಂತಪದ್ಮನಾಭ ಅಲ್ಲಿಂದ ಮುಕ್ಕಾಲು ಗಂಟೆ ದೂರದ ನೆವಾರ್ಕಿನಲ್ಲಿ ಇಂಜಿನಿಯರು. ಸದ್ದೇ ಮಾಡದ ಎಲೆಕ್ಟ್ರಿಕ್ ಕಾರುಗಳಿಗೆ, ದಾರಿಹೋಕರು ಎಚ್ಚರಗೊಳ್ಳಲೆಂದು, ಇಲ್ಲದ ಸದ್ದನ್ನು ಜೋಡಿಸುವುದು ಅವನ ಕೆಲಸ. ಹೋದ ವರ್ಷ ಹೆಂಡತಿ ಪದ್ಮಜಾ ಮಗಳು ವಿಭಾಳ ಬಾಣಂತನಕ್ಕೆಂದು ಲಾಸ್ ಆಲ್ಟೋಸಿಗೆ ಹೋದಳು. ಮಗು ಈಗ ನಡೆಯುತ್ತದೆ. ಅವಳು ಬಂದಿಲ್ಲ. ಜಗಳವೇನೂ ಆಗಿರಲಿಲ್ಲ; ಜಗಳವಾಗುವಷ್ಟು ಮಾತೇ ಇರಲಿಲ್ಲ.

ಅಂದಿನಿಂದ ಅವನು ಆ ದೃಶ್ಯವನ್ನು ಹಾಕಿಹಾಕಿ ಕೇಳಿದ್ದ. ಒಂದು ಹೆಜ್ಜೆ ಭಾರ, ಒಂದು ಹಗುರ. ಮರಳಿ ಬರುವವಳ ಅಳುಕು ಅದು. ಬೇರೆ ಏನೂ ಆಗಿರಲು ಸಾಧ್ಯವಿಲ್ಲ. ಇವತ್ತು ಅದನ್ನು ಖಾತ್ರಿ ಮಾಡಿಕೊಂಡು, ಸಂಜೆ ಹೋಗಿ ಪದ್ಮಜಾಳನ್ನು ಮನೆಗೆ ಕರೆಯುವುದೆಂದು ನಿರ್ಧರಿಸಿದ್ದ. ಇಂಥ ಶಕುನ ನೋಡುವ ಚಪಲ ಬೇರೆಯವರಲ್ಲಿ ಕಂಡಿದ್ದರೆ ನಕ್ಕುಬಿಡುತ್ತಿದ್ದ.

"ಡೈರೆಕ್ಟರಿಗೇ ಗೊತ್ತಿರಲಿಲ್ಲ," ಎಂದ ಲೆಸ್ಟರ್. "ಇವತ್ತು ಹೆಂಡತಿ ಅನ್ನುವನು, ನಾಳೆ ಕೊಲೆಗಾರ ಅನ್ನುವನು. ಎಡಿಟರಿಗೂ ಅವನಿಗೂ ಮಾತು ನಿಂತಿತ್ತು. ನನಗೆ ಸಾಕಾಯಿತು. ಒಂದು ಕಾಲಿಗೆ ಹೆಂಗಸರ ಹೈಹೀಲ್ಡು, ಇನ್ನೊಂದಕ್ಕೆ ಗಂಡಸಿನ ಬೂಟು ಹಾಕಿಕೊಂಡು ನಡೆದೆ."

"ಎರಡೂ?"

"ಎರಡೂ. ಬಿದ್ದೇಬಿಡುತ್ತಿದ್ದೆ. ಎಲ್ಲರೂ ಚಪ್ಪಾಳೆ ಹೊಡೆದರು."

"ಹಾಗಾದರೆ ಬಂದದ್ದು ಯಾರು?"

ಲೆಸ್ಟರ್ ಅವನನ್ನು ಕನಿಕರದಿಂದ ನೋಡಿದ. "ಯಾರೂ ಬರಲಿಲ್ಲ. ಅಲ್ಲಿ ಮೆಟ್ಟಿಲೂ ಇರಲಿಲ್ಲ. ಒಂದು ಹಲಗೆ ಇತ್ತು. ನಿಂತಲ್ಲೇ ನಡೆದೆ."

ವಾಪಸಾಗುವಾಗ ಫ್ರೀವೇಯಲ್ಲಿ, ತನ್ನ ಮನೆಗೆ ತಿರುಗಬೇಕಾದ ನೆವಾರ್ಕಿನ ಎಕ್ಸಿಟ್ಟು ಬಂತು. ತೆಗೆದುಕೊಳ್ಳಲಿಲ್ಲ. ಹಠಕ್ಕೋ ಆಸೆಗೋ, ಮಗಳ ಊರಿನ ಕಡೆಗೆ ಕೊಲ್ಲಿಯ ಸೇತುವೆ ಹತ್ತಿದ. "ಬಾ ಪದ್ಮ, ಮನೆಗೆ ಹೋಗೋಣ" ಎಂದು ಗಟ್ಟಿಯಾಗಿ ಹೇಳಿ ನೋಡಿದ. ಅರ್ಥವಾಗಲಿಲ್ಲವೆಂದು ಕಾರು ಇಂಗ್ಲಿಷಿನಲ್ಲಿ ಕ್ಷಮೆ ಕೇಳಿತು.

ಮಗಳ ಮನೆಯ ಕರೆಗಂಟೆ ಒತ್ತಿದಾಗ ಅದರ ಪುಟ್ಟ ಕ್ಯಾಮೆರಾದ ಸುತ್ತ ನೀಲಿ ಬೆಳಕು ಮೂಡಿತು. ಅದರೊಳಗಿಂದ ಪದ್ಮಜಾಳ ದನಿ ಬಂತು.

"ಏನ್ರೀ ಇದು, ಹೇಳ್ದೆ ಕೇಳ್ದೆ? ಒಂದು ಮೆಸೇಜು ಹಾಕ್ಬಾರ್ದಿತ್ತಾ?"

"ನಿನ್ ಹತ್ರ ಮಾತಾಡ್ಬೇಕಿತ್ತು. ಬಾಗ್ಲು ತೆಗಿ."

"ನಾನ್ ಮನೇಲಿಲ್ಲ. ವಿಭಾ ಜೊತೆ ಗ್ರೋಸರಿಗೆ ಬಂದಿದೀನಿ. ಬೆಲ್ಲಿನ ಕ್ಯಾಮೆರಾದಿಂದ ಫೋನಲ್ಲಿ ಕಾಣ್ತಿದೀರ. ಸೊರಗಿಹೋಗಿದೀರ. ಊಟ ಸರಿಯಾಗ್ ಮಾಡ್ತಿದೀರಾ?"

"ಮಾಡ್ತಿದೀನಿ."

"ಏನೋ ಮಾತಾಡ್ಬೇಕು ಅಂದ್ರಿ."

ಆಗ ಬಾಗಿಲ ಆಚೆ, ಮನೆಯೊಳಗೆ, ಕುರ್ಚಿಯೊಂದು ಮೆಲ್ಲಗೆ ಸರಿಯಿತು. ಸದ್ದಿನ ವಿಷಯದಲ್ಲಿ ಅವನು ತಪ್ಪುವುದು ಕಡಿಮೆ. ಆದರೂ ಇವತ್ತು ತನ್ನ ಕಿವಿಯನ್ನು ನಂಬುವ ಧೈರ್ಯವಾಗಲಿಲ್ಲ.

"ಏನಿಲ್ಲ," ಎಂದ. "ಹೀಗೇ ಈ ಕಡೆ ಬಂದಿದ್ದೆ."

"ಸರಿ ಹಾಗಾದ್ರೆ. ಹುಷಾರಾಗ್ ಡ್ರೈವ್ ಮಾಡಿ."

ನೀಲಿ ಬೆಳಕು ಆರಿತು. ಅವನು ಹೋಗಲಿಲ್ಲ. ಒಂದಿಷ್ಟು ಹಿಂದೆ ಸರಿದು, ತಲೆ ಸವರಿಕೊಂಡು, ಕ್ಯಾಮೆರಾಕ್ಕೆ ಚೆನ್ನಾಗಿ ಕಾಣುವಂತೆ ಫೋಟೋಕ್ಕೆ ನಿಂತವನ ಹಾಗೆ ನಿಂತ.

ಬಿಸಿಲು ಇಳಿಯಿತು. ಬೀದಿಯುದ್ದಕ್ಕೂ ಮನೆಮನೆಯ ಜಗಲಿಯಲ್ಲಿ, ಓಡಾಡುವವರನ್ನು ಕಂಡು ದೀಪಗಳು ತಾವಾಗಿಯೇ ಹತ್ತಿಕೊಂಡವು. ಅವನ ತಲೆಯ ಮೇಲಿನದು ಮಾತ್ರ, ಕೆಳಗೆ ಏನೂ ಅಲುಗಾಡದ್ದರಿಂದ, ಹತ್ತಲಿಲ್ಲ.