ಕಟ್ಟು ಮುರಿದವನ ಮಣ್ಣು

ಕೂರಿಗೆಯ ದಿಂಡನ್ನು ಎರಡೂ ಪಾದಗಳಿಂದ ಒತ್ತಿ ಹಿಡಿದು ತೋಟಪ್ಪ ಬಾಚಿ ಬೀಸುತ್ತಲೇ ಇದ್ದ. ನಾಲ್ಕು ಮನೆ ಆಚೆ ಹೆಣ ಇತ್ತು. ಓಣಿಯಲ್ಲಿ ಹೆಣ ಇರುವಾಗ ರಾಜೂರಿನ ಬಡಿಗೇರರು ಕೆಲಸಕ್ಕೆ ಕೈ ಹಚ್ಚುವುದಿಲ್ಲ. ಹಚ್ಚಿದವರನ್ನು ಗದರಿಸಿ ಬಿಡಿಸುವ ಹಿರಿಯನೆಂದರೆ ತೋಟಪ್ಪನೇ. ಇವತ್ತು ಅವನನ್ನು ಗದರಿಸುವ ಕೆಲಸ ಹೆಂಡತಿ ರೇಣುಕವ್ವನ ಪಾಲಿಗೆ ಬಂತು.

“ಆ ಬಾಚಿ ಕೆಳಗ ಇಡ್ರಿ. ಮಂದಿ ನೋಡಾಕತ್ತಾರ.”

“ನೋಡ್ಲಿ. ಬಿತ್ತಗಿ ಬಂತು, ಕೂರಗಿ ಕೊಡಬೇಕು.”

“ಮಳಿ ಇಲ್ಲ, ಮೋಡ ಇಲ್ಲ. ಎಲ್ಲಿ ಬಿತ್ತಗಿ ಬಂತು?”

ತೋಟಪ್ಪ ಇನ್ನೆರಡು ಏಟು ಹಾಕಿದ. ಎರಡನೆಯದು ಗೆರೆ ತಪ್ಪಿತು. ಕಣ್ಣು ಮುಚ್ಚಿ ಕೂರಿಗೆ ಕೆತ್ತುವ ಮನುಷ್ಯ ಗೆರೆ ತಪ್ಪುತ್ತಾನೆಂದರೆ ಅವನ ಮನಸ್ಸು ಎಲ್ಲಿದೆಯೆಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಸತ್ತವನು ಈಶಪ್ಪ. ತೋಟಪ್ಪನ ವಾರಿಗೆಯವನು, ಅವನ ಜೊತೆಗೇ ಬಾಚಿ ಹಿಡಿಯಲು ಕಲಿತವನು. ಎರಡು ತಿಂಗಳು ಹಾಸಿಗೆ ಹಿಡಿದಿದ್ದು ಇವತ್ತು ನಸುಕಿನಲ್ಲಿ ತೀರಿಕೊಂಡ. ಇಬ್ಬರ ನಡುವೆ ಮಾತು ನಿಂತು ಐದು ವರ್ಷವಾಗಿತ್ತು. ಬರೀ ತೋಟಪ್ಪನಲ್ಲ, ಓಣಿಯ ಯಾವ ಬಡಿಗೇರನೂ ಈಶಪ್ಪನನ್ನು ಮಾತಾಡಿಸುತ್ತಿರಲಿಲ್ಲ.

“ನೀ ಎಲ್ಲಿಗೆ ಹೋಗಿದ್ದಿ?” ಎಂದ ತೋಟಪ್ಪ, ಗೊತ್ತಿದ್ದೂ.

“ಶೇಖವ್ವಗ ಒಂದು ಕೊಡ ನೀರು ಕೊಟ್ಟು ಬಂದೆ.” ಶೇಖವ್ವ ಈಶಪ್ಪನ ಹೆಂಡತಿ.

“ಆ ಮನಿ ನೀರಿನ ಸಂಬಂಧ ಇಲ್ಲ ಅಂತ ಆಣಿ ಐತಿ.”

“ಅವರ ಮನಿ ನೀರು ಕುಡೀಬಾರದು ಅಂತ ಐತಿ. ನಮ್ಮ ನೀರು ಕೊಡಬಾರದು ಅಂತ ನೀವು ಅಂದಿಲ್ಲ. ನಾ ಅವತ್ತ ಅಲ್ಲೇ ನಿಂತು ಕೇಳೀನಿ.”

ತೋಟಪ್ಪನಿಗೆ ಸಿಟ್ಟು ಬಂತು. ಆದರೆ ಆಕೆ ಹೇಳಿದ್ದು ಸುಳ್ಳಾಗಿರಲಿಲ್ಲ. ಮುಖ ಎತ್ತದೆ ಕೇಳಿದ:

“ಹೆಣಾ ಹೊರಾಕ ಸಿದಿಗಿ ಕಟ್ಟ್ಯಾರ?”

“ಶೇಖವ್ವನ ತಮ್ಮ ಸೂಡಿಯಿಂದ ಬಂದು ಕಟ್ಟ್ಯಾನ. ಕಟ್ಟಿ ಏನ ಮಾಡೂದು? ಆ ತಮ್ಮನದೊಂದು ಹೆಗಲು, ಅಳಿಯಂದೊಂದು. ಇನ್ನೆರಡು ಎಲ್ಲಿಂದ ತರತಾರ? ನೀವು ಎತ್ತಲಾರದ್ದು ಬ್ಯಾರೆ ಓಣಿಯವರು ಎತ್ತಂಗಿಲ್ಲ ಅಂತಾರ.” ಆಕೆ ಸೆರಗಿನಿಂದ ಮೂಗು ಒರೆಸಿಕೊಂಡಳು. “ಕಡೀಗೆ ಗಜೇಂದ್ರಗಡಕ್ಕ ಹೇಳಿ ಕಳಸ್ಯಾರ. ಅಂವ ದುಡೀತಿದ್ದ ಸಾವ್ಕಾರ ಗಾಡಿ ಕಳಸ್ತೀನಿ ಅಂದಾನಂತ.”

“ಗಾಡಿ ಮ್ಯಾಲ ಹೆಣಾನ?”

“ಮತ್ತೇನ ಮಾಡಬೇಕ್ರಿ? ಅರಳಿ ಅಂಡಿಗಿ ಒಯ್ದಾಂಗ ಒಯ್ಯೂದು.”

ತೋಟಪ್ಪ ಬಾಚಿಯನ್ನು ಕೆಳಗಿಟ್ಟ. ಹೆಗಲು ಕೊಡಬಾರದೆಂದು ಅವನೇ ಇಟ್ಟ ಆಣೆ ಅದು. ಎತ್ತಿದರೆ ಅವನ ಮಾತು ಹೋಗುತ್ತದೆ. ಎತ್ತದಿದ್ದರೆ ಈಶಪ್ಪ ಅರಳೆಯ ಮೂಟೆಯ ಹಾಗೆ ಹೋಗುತ್ತಾನೆ. ಬೆಳಿಗ್ಗೆಯಿಂದ ಅವನು ಕೆತ್ತುತ್ತ ಕೂತದ್ದು ಇದೊಂದನ್ನೇ.

*

ಐದು ವರ್ಷದ ಹಿಂದೆ, ಅಂದರೆ ಸಾವಿರದೆಂಟುನೂರ ಐವತ್ತೊಂದರ ಬೇಸಿಗೆಯಲ್ಲಿ, ರಾಜೂರಿನ ಹನ್ನೆರಡು ಜನ ಬಡಿಗೇರರು ದಿನಾ ಬೆಳಗಾದರೆ ರೊಟ್ಟಿಯ ಗಂಟು ಹಿಡಿದು ಗಜೇಂದ್ರಗಡಕ್ಕೆ ನಡೆಯುತ್ತಿದ್ದರು. ಕುಂಪಣಿ ಸರಕಾರ ಘಟ್ಟ ಇಳಿಯುವ ರಸ್ತೆ ಮಾಡಿದ ಮೇಲೆ ಅರಳೆಯು ಹೇರೆತ್ತುಗಳ ಬೆನ್ನಿನಿಂದ ಇಳಿದು ಗಾಡಿ ಹತ್ತಿತ್ತು. ಗುರುಸಂಗಪ್ಪ ಸಾಹುಕಾರರು ಊರ ಹೊರಗೆ ಬೇಲಿ ಹಾಕಿಸಿ ಗಾಡಿಯ ಕಾರಖಾನೆ ಇಟ್ಟಿದ್ದರು. ಗಾಲಿಯ ನಡುವಿನ ಗುಂಭ ಕಡೆಯುವವರು, ಅದರ ಸುತ್ತಲಿನ ಅರ ಕೆತ್ತುವವರು, ಅಚ್ಚು ಕೂಡಿಸುವವರು, ಎಲ್ಲರಿಗೂ ಕೈತುಂಬ ಕೆಲಸ. ಅರ ಕೂಡಿಸುವುದರಲ್ಲಿ ಈಶಪ್ಪನನ್ನು ಮೀರಿಸುವವರಿರಲಿಲ್ಲ. ಗಾಲಿಯನ್ನು ಬೆರಳಿನಿಂದ ತಟ್ಟಿ, ಕಿವಿ ಇಟ್ಟು ಕೇಳಿ, ಯಾವ ಅರ ಸುಳ್ಳು ಹೇಳುತ್ತಿದೆ ಎನ್ನುತ್ತಿದ್ದ. ಜೊತೆಯವರು ಅವನನ್ನು ಗಾಲಿಯ ವೈದ್ಯ ಎಂದು ಚೇಷ್ಟೆ ಮಾಡುತ್ತಿದ್ದರು.

ಒಂದು ದಿನ ಘಟ್ಟದ ಕೆಳಗಿನಿಂದ ಸಿದ್ಧ ಗಾಲಿಗಳು ಬಂದಿಳಿದವು. ಸಾಹುಕಾರರು ಎಲ್ಲರನ್ನೂ ಕರೆದರು.

“ಗಾಲಿ ಇನ್ನ ಸಿದ್ಧ ಬರತಾವ. ನನಗ ನಾಲ್ಕ ಮಂದಿ ಸಾಕು. ಯಾವ ನಾಲ್ಕು ಅನ್ನೂದು ನೀವ ಹೇಳ್ರಿ.”

“ಹನ್ನೆರಡು ಮಂದಿ ಬರತೀವ್ರಿ. ಇಲ್ಲಾಂದ್ರ ಒಬ್ಬನೂ ಬರಂಗಿಲ್ಲ,” ಎಂದ ತೋಟಪ್ಪ.

ಆ ಸಂಜೆ ಕಾಳವ್ವನ ಗುಡಿಯ ಮುಂದೆ ಹನ್ನೆರಡೂ ಜನ ದೇವಿಯ ಅರಿಸಿನದ ಭಂಡಾರ ಮುಟ್ಟಿ ಆಣೆ ಮಾಡಿ ಕಟ್ಟು ಕಟ್ಟಿದರು. ಮಾತು ಹೇಳಿಕೊಟ್ಟವನು ತೋಟಪ್ಪ. ಹನ್ನೆರಡು ಮಂದಿಯನ್ನೂ ಒಳಗೆ ಕರೆಯುವ ತನಕ ಸಾಹುಕಾರನ ಗಾಡಿಗೆ ಕೈ ಹಚ್ಚುವುದಿಲ್ಲ. ಕಟ್ಟು ಮುರಿದವನ ಮನೆಯ ನೀರು ಕುಡಿಯುವುದಿಲ್ಲ. ಅವನ ಹೆಣಕ್ಕೆ ಹೆಗಲು ಕೊಡುವುದಿಲ್ಲ. ಎಲ್ಲರಿಗಿಂತ ಗಟ್ಟಿಯಾಗಿ ಹೂಂಗುಟ್ಟಿದವನು ಈಶಪ್ಪ.

ಎಂಟು ದಿನ ಕಟ್ಟು ನಿಂತಿತು. ಅದಕ್ಕೆ ಗಾಲಿಗಳೇ ನೆರವಾದವು. ಕರಾವಳಿಯ ತಂಪಿನಲ್ಲಿ ಕೂಡಿಸಿದ ಕಟ್ಟಿಗೆ ಈ ಎರೆಮಣ್ಣಿನ ನಾಡಿನ ಬಿಸಿಲಿಗೆ ಒಣಗಿ ಕುಗ್ಗಿ, ಗುಂಭದಲ್ಲಿ ಅರಗಳು ಸಡಿಲಾಗಿ, ಗಾಡಿಗಳು ರೋಣದ ದಾರಿಯಲ್ಲೇ ಕೂತುಬಿಟ್ಟವು. ಹೊಡೆಯುವವರು ಬೈಯುತ್ತ ಮರಳಿ ಬಂದರು. ಎಂಟನೆಯ ದಿನ ಸಾಹುಕಾರರು ತಮ್ಮ ಗಾಡಿ ಹೊಡೆಯುವ ಮಾಳಪ್ಪನ ಕೈಯಲ್ಲಿ ಹೇಳಿ ಕಳಿಸಿದರು: ಎಂಟು ಮಂದಿಯನ್ನು ತಗೊಳ್ಳುತ್ತೇನೆ, ನಾಳೆ ಬಂದು ಮಾತಾಡಲಿ.

“ಇವತ್ತ ಎಂಟು ಅಂದಾನ, ನಾಳೆ ಹನ್ನೆರಡು ಅಂತಾನ,” ಎಂದು ತೋಟಪ್ಪ ನಕ್ಕಿದ್ದ.

ಮರುದಿನ ಅವನು ಹನ್ನೆರಡರಲ್ಲೊಬ್ಬನಾದ ಪರಶಪ್ಪನನ್ನು ಕರೆದುಕೊಂಡು ಕಾರಖಾನೆಯ ಬೇಲಿ ದಾಟಿದಾಗ, ಒಳಗೆ ಈಶಪ್ಪ ಕೂತಿದ್ದ. ಹಲ್ಲಿನಲ್ಲಿ ಬೆಣೆ ಕಚ್ಚಿದ್ದ, ಕೈಯಲ್ಲಿ ಕೊಡತಿ ಇತ್ತು. ಮೂರು ಗಾಲಿ ಸರಿಮಾಡಿ ಗೋಡೆಗೆ ಒರಗಿಸಿ ನಾಲ್ಕನೆಯದಕ್ಕೆ ಕೈ ಹಾಕಿದ್ದ. ಇವರು ಬಂದದ್ದು ಕೂಡ ಅವನಿಗೆ ಗೊತ್ತಾಗಲಿಲ್ಲ.

“ನೋಡು ತೋಟಪ್ಪ,” ಎಂದರು ಸಾಹುಕಾರರು, “ನಿನ್ನೆ ಎಂಟು ಅಂದಿದ್ದೆ. ಇವತ್ತ ಒಬ್ಬನ ಸಾಕಾದ.”

ಅಲ್ಲಿಗೆ ಮುಗಿಯಿತು. ಹನ್ನೊಂದು ಜನ ಊರಿನ ನೇಗಿಲು ಕೂರಿಗೆಗಳಿಗೆ ಮರಳಿದರು. ಎಲ್ಲರಿಗೂ ಸಾಲುವಷ್ಟು ನೇಗಿಲು ರಾಜೂರಿನಲ್ಲಿ ಇರಲಿಲ್ಲ. ಪರಶಪ್ಪನ ಅಣ್ಣ ಹೇಮಪ್ಪ ಕೊಣ್ಣೂರ ಕಡೆ ರಸ್ತೆಗೆ ಕಲ್ಲು ಒಡೆಯಲು ಹೋದ. ಚಕ್ಕೆ ಸಿಡಿದು ಒಂದು ಕಣ್ಣು ಹೋಯಿತೆಂದು ಸುದ್ದಿ ಬಂತು, ಅವನು ಬರಲಿಲ್ಲ.

ಕಾರಖಾನೆಯಲ್ಲಿ ಕಂಡ ದಿನವೇ ಸಂಜೆ ಈಶಪ್ಪ ತೋಟಪ್ಪನ ಬಾಗಿಲಿಗೆ ಬಂದಿದ್ದ.

“ಬೇಲಿ ಹೊರಗ ಹಾದು ಹೊಂಟಿದ್ನೋ. ಒಳಗ ಗಾಲಿ ಲಟಲಟ ಅನ್ನಾಕತ್ತಿತ್ತು. ಸದ್ದು ಕೇಳಲಾಗಲಿಲ್ಲೋ ತೋಟಪ್ಪ. ಒಂದ ಬೆಣಿ ಬಡದು ಬಂದ ಬಿಡೂಣು ಅಂತ ಹೋದೆ.”

“ಒಂದ ಬೆಣಿ? ನಾಲ್ಕನೇ ಗಾಲಿ ನಿನ್ನ ಕೈಯಾಗಿತ್ತು!”

“ಕೈ ಬಿಡಲಿಲ್ಲ.”

“ಹನ್ನೊಂದು ಮನಿ ಒಲಿ ಆರಿಸಿ ಸದ್ದು ಅಂತೀಯೇನಲೇ? ಹೋಗು. ನಾಳೆ ಸತ್ತರ ನಿನ್ನ ಹೆಣಾ ನೀನ ಹೊತ್ತಗೊಂಡು ಹೋಗು.”

ತೋಟಪ್ಪ ಬಾಗಿಲು ಹಾಕಿಕೊಂಡ. ಈಶಪ್ಪ ಕಾರಖಾನೆಯಲ್ಲೇ ಉಳಿದ. ಹೊರಗೆ ಅವನನ್ನು ಮಾತಾಡಿಸುವವರು ಯಾರೂ ಇರಲಿಲ್ಲ. ಒಳಗೆ ಸಡಿಲಾದ ಗಾಲಿಗಳಿದ್ದವು.

*

ಮಧ್ಯಾಹ್ನದ ಹೊತ್ತಿಗೆ ಹೆಣ ಒಯ್ಯುವ ಗಾಡಿ ಬಂತು. ಅದು ಓಣಿಗೆ ತಿರುಗುವ ಮೊದಲೇ ತೋಟಪ್ಪನಿಗೆ ಸದ್ದಿನಿಂದ ಗೊತ್ತಾಯಿತು, ಬಲಗಾಲಿಯಲ್ಲಿ ಎರಡು ಅರ ಸಡಿಲಾಗಿವೆ, ಮೂರನೆಯದು ಸಡಿಲಾಗುವ ಹಾದಿಯಲ್ಲಿದೆ. ಅವನು ಎದ್ದು ಹೆಗಲ ಮೇಲೆ ಕಂಬಳಿ ಹಾಕಿಕೊಂಡ.

ಪರಶಪ್ಪ ಬಾಗಿಲಲ್ಲಿ ನಿಂತಿದ್ದ. ಮೂವತ್ತರ ಗಟ್ಟಿ ಆಳು, ಮಾತು ಕಡಿಮೆ. “ಎಲ್ಲಿಗೆ ಕಾಕಾ?”

“ಮಣ್ಣಿಗೆ. ಹೆಣದ ಹಿಂದ ನಡ್ಯಾಕ ಯಾರ ಆಣಿನೂ ಇಲ್ಲ.”

“ಹಿಂದ ಅಂದ್ರ ಹಿಂದ ಅಷ್ಟ. ನಮ್ಮಣ್ಣನ ಕಣ್ಣು ನೆನಪಿರಲಿ.”

“ಐತಿ ನೆನಪು.”

ಈಶಪ್ಪನ ಅಂಗಳದಲ್ಲಿ ಹೆಂಗಸರು ಹಾಡ್ಯಾಡಿ ಅಳುತ್ತಿದ್ದರು. ಶೇಖವ್ವನ ತಮ್ಮ, ಅಳಿಯ ಮತ್ತು ಗಾಡಿಯ ಮಾಳಪ್ಪ ಸೇರಿ ಸಿದಿಗೆಯನ್ನು ಗಾಡಿಯಲ್ಲಿ ಹಾಸಿದ ಹುಲ್ಲಿನ ಮೇಲೆ ಏರಿಸಿದರು. ಮೂವರಿಗೆ ಅದು ಆಗುವ ಕೆಲಸವಲ್ಲ, ಸಿದಿಗೆ ಅಡ್ಡಾದಿಡ್ಡಿ ಹೊರಳಿತು. ಬಡಿಗೇರರು ಗೋಡೆಗುಂಟ ನಿಂತು ನೋಡಿದರು. ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

“ಗಾಲಿ ಕಟ್ಟಿ ಕಟ್ಟಿ ಗಾಲಿ ಮ್ಯಾಲ ಹೊಂಟ್ಯಲ್ಲೋ ನನ ದೊರಿಯೇ,” ಎಂದು ಶೇಖವ್ವ ಅತ್ತಳು. ಆಕೆ ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ತೋಟಪ್ಪನಿಗೆ ಹಗುರಾಗುತ್ತಿತ್ತು.

ಗಾಡಿ ಹೊರಟಿತು. ಈಶಪ್ಪನ ಹೊಲ ಹಳ್ಳದ ಆಚೆ ಇತ್ತು. ಹೂಳಲು ಕುಣಿ ಅಲ್ಲಿ ತೆಗೆದಿದ್ದರು. ಮುಂದೆ ಅಯ್ಯನವರು, ಅವರ ಹಿಂದೆ ಗಾಡಿ, ಅದರ ಹಿಂದೆ ಹೆಂಗಸರು, ಎಲ್ಲರಿಗಿಂತ ಹಿಂದೆ ಬಡಿಗೇರರು. ಲಟಕ್, ಲಟಕ್ ಎಂದು ಗಾಲಿ ಬಡಿದುಕೊಳ್ಳುತ್ತಿತ್ತು. ಬೇರೆಯವರಿಗೆ ಅದು ಗಾಡಿಯ ಸದ್ದು. ಬಡಿಗೇರರಿಗೆ ಅದು ಹಲ್ಲುನೋವು. ಪರಶಪ್ಪನೂ ಪ್ರತಿ ಸುತ್ತಿಗೆ ಒಮ್ಮೆ ಹುಬ್ಬು ಗಂಟಿಕ್ಕುವುದನ್ನು ತೋಟಪ್ಪ ಕಂಡ.

ಹಳ್ಳದ ಇಳಿಜಾರಿನಲ್ಲಿ ಮೂರನೆಯ ಅರವೂ ಬಿಟ್ಟಿತು. ಗಾಲಿ ಹೊರಕ್ಕೆ ವಾಲಿತು, ಗಾಡಿ ಬಲಕ್ಕೆ ಕುಸಿಯಿತು, ಸಿದಿಗೆ ಹುಲ್ಲಿನ ಮೇಲೆ ಸರ್ರನೆ ಜಾರಿತು. ಶೇಖವ್ವ ಚೀರಿದಳು. ತಮ್ಮ ಮತ್ತು ಅಳಿಯ ಓಡಿ ಬಂದು ಬಿದಿರಿಗೆ ಎದೆ ಕೊಟ್ಟು ತಡೆದರು.

“ಇಳಸ್ರಿ ಕೆಳಗ!” ಎಂದು ಯಾರೋ ಕೂಗಿದರು.

“ಇಳಸಬ್ಯಾಡ್ರಿ,” ಎಂದರು ಅಯ್ಯನವರು. “ಎತ್ತಿದ ಹೆಣ ನಡುದಾರ್ಯಾಗ ನೆಲಕ್ಕ ಇಡಂಗಿಲ್ಲ.”

ಮಾಳಪ್ಪ ಎತ್ತುಗಳ ಮುಂದೆ ನಿಂತು ಕೈ ಚೆಲ್ಲಿದ. “ಈಶಪ್ಪ ಹಾಸಗಿ ಹಿಡದಾಗಿಂದ ಒಬ್ಬರೂ ಬೆಣಿ ಬಡದಿಲ್ಲರಿ. ನಾ ಏನ ಮಾಡ್ಲಿ?”

ತೋಟಪ್ಪ ಏನು ಯೋಚಿಸಿದನೋ ಅವನಿಗೇ ಗೊತ್ತಿಲ್ಲ. ಹೆಂಗಸರ ನಡುವೆ ಹಾದು ಬಂದದ್ದು, ಕಲ್ಲು ತಂದು ಅಚ್ಚಿನ ಕೆಳಗೆ ಒಟ್ಟಿ ಗಾಡಿಯನ್ನು ನೆಟ್ಟಗೆ ನಿಲ್ಲಿಸಿದ್ದು, ಮಾಳಪ್ಪನ ಕುಡುಗೋಲು ಕಸಿದುಕೊಂಡು ದಂಡೆಯ ಒಣ ಜಾಲಿಯ ತುಂಡು ಸೀಳಿದ್ದು, ಎಲ್ಲ ಕೈಕಾಲುಗಳೇ ಮಾಡಿಕೊಂಡು ಹೋದವು. ಮೊದಲನೆಯ ಬೆಣೆಯನ್ನು ಗುಂಭದ ಸಂದಿಗೆ ಇಟ್ಟು ಕಲ್ಲಿನಿಂದ ಬಡಿದ. ಅರ ಬಿಗಿಯಿತು. ಎರಡನೆಯದನ್ನು ಬಡಿದ. ಮೂರನೆಯ ಬೆಣೆ ಹಲ್ಲಿನಲ್ಲಿತ್ತು. ಗಾಲಿಯನ್ನು ತಟ್ಟಿ ಕಿವಿ ಇಟ್ಟು ಕೇಳಿದ.

ತಲೆ ಎತ್ತಿದ. ಪರಶಪ್ಪ ಅವನನ್ನೇ ನೋಡುತ್ತಿದ್ದ. ಐದು ವರ್ಷದ ಹಿಂದೆ ಬೇಲಿಯೊಳಗೆ ಕೂತ ಈಶಪ್ಪನನ್ನು ನೋಡಿದ ಕಣ್ಣು ಅದೇ.

“ಕಾಕಾ,” ಎಂದ ಪರಶಪ್ಪ. “ಅದು ಸಾವ್ಕಾರನ ಗಾಲಿ.”

ತೋಟಪ್ಪ ಬಾಯಿಂದ ಬೆಣೆ ತೆಗೆದ.

“ಸದ್ದು ಕೇಳಲಾಗಲಿಲ್ಲೋ,” ಎಂದ.

ಅಂದ ಮೇಲೆ ಆ ಮಾತು ಯಾರದೆಂದು ಅವನಿಗೆ ತಿಳಿಯಿತು. ಬಾಗಿಲು ಹಾಕಿಕೊಂಡ ಸಂಜೆ ಹೊರಗೆ ಈಶಪ್ಪ ಎಷ್ಟು ಹೊತ್ತು ನಿಂತಿದ್ದನೋ ಏನೋ. ತೋಟಪ್ಪ ಬಾಗಿಲಿಗೆ ಕಿವಿ ಕೂಡ ಕೊಟ್ಟಿರಲಿಲ್ಲ. ಮೂರನೆಯ ಬೆಣೆಯನ್ನೂ ಬಡಿದು ಮುಗಿಸಿದ; ಅರ್ಧಕ್ಕೆ ಬಿಡುವುದು ಅವನಿಂದ ಆಗಲಿಲ್ಲ.

“ಗಟ್ಟಿಯಾತು. ಹೊಡೀಲೇನ್ರಿ?” ಎಂದ ಮಾಳಪ್ಪ.

“ನಿಂದ್ರು.”

ತೋಟಪ್ಪ ಗಾಡಿಯ ಹಿಂದೆ ಬಂದು ಕಂಬಳಿಯನ್ನು ಮಡಚಿ ಹೆಗಲ ಮೇಲೆ ಹಾಕಿಕೊಂಡ. “ಆಣಿ ಇಟ್ಟಾಂವ ನಾನು. ಮುರದಾಂವನೂ ನಾನ. ಉಳದವ್ರಿಗೆ ನಾ ಏನೂ ಹೇಳಂಗಿಲ್ಲ.” ಸಿದಿಗೆಯನ್ನು ಜಗ್ಗಿ ಬಿದಿರಿನ ತುದಿಗೆ ಹೆಗಲು ಕೊಟ್ಟ. ತಮ್ಮ, ಅಳಿಯ ಮುಂದಿನ ಎರಡು ತುದಿ ಹಿಡಿದರು. ನಾಲ್ಕನೆಯ ತುದಿ ಇನ್ನೂ ಗಾಡಿಯ ಅಂಚಿನ ಮೇಲೆ ಇತ್ತು. ಬಡಿಗೇರರು ಅಲುಗಲಿಲ್ಲ.

ರೇಣುಕವ್ವ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು.

“ಹೆಂಗಸು ಹೆಗಲು ಕೊಡಂಗಿಲ್ಲವ್ವ,” ಎಂದರು ಅಯ್ಯನವರು.

“ಗಂಡಸರು ಕೊಡವಲ್ಲರಲ್ಲರಿ ಅಯ್ಯಾರ,” ಎಂದು ಆಕೆ ಬಿದಿರಿಗೆ ಹೆಗಲು ಹಚ್ಚೇಬಿಟ್ಟಳು.

ಸಿದಿಗೆ ಗಾಡಿಯಿಂದ ಮೇಲೆದ್ದಿತು. ರೇಣುಕವ್ವ ಗಿಡ್ಡ ಹೆಂಗಸು. ಆ ಮೂಲೆ ತಗ್ಗಿ ಈಶಪ್ಪನ ತಲೆ ವಾಲಿತು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಆಕೆ ಮುಗ್ಗರಿಸಿದಳು. ಹಿಂದಿನಿಂದ ದಪದಪ ಹೆಜ್ಜೆ ಕೇಳಿತು.

“ಬಿಡ ಕಾಕಿ, ಬಿಡು,” ಎಂದ ಪರಶಪ್ಪ. ಅವನ ಕಣ್ಣಲ್ಲಿ ಸಿಟ್ಟೇ ಇತ್ತು. ಆಕೆಯನ್ನು ಮೊಣಕೈಯಿಂದ ಸರಿಸಿ ಬಿದಿರನ್ನು ತನ್ನ ಹೆಗಲಿಗೆ ತಗೊಂಡ. ಈಶಪ್ಪನ ತಲೆ ಸಮವಾಯಿತು.

ಹಳ್ಳ ದಾಟಿ ಅವರು ಹೊಲದ ಕಡೆ ತಿರುಗಿದರು. ಮಾಳಪ್ಪನಿಗೆ ಗಾಡಿ ತಿರುಗಿಸಿ ಊರಿಗೆ ಹೋಗು ಎಂದು ಯಾರೂ ಹೇಳಲಿಲ್ಲ. ಅವನು ಗಾಡಿಯ ಮೇಲೆ ಕೂರದೆ, ಎತ್ತುಗಳ ಹಗ್ಗ ಹಿಡಿದು ಹಿಂದಿನಿಂದ ನಡೆದು ಬಂದ. ಭಾರವಿಲ್ಲದ ಎತ್ತುಗಳು ಮುಂದಿನವರನ್ನು ದಾಟಿ ಹೋಗಲು ಅವಸರ ಮಾಡುತ್ತಿದ್ದವು. ಮಾಳಪ್ಪ ಹಗ್ಗ ಜಗ್ಗಿ ಜಗ್ಗಿ, ಖಾಲಿ ಗಾಡಿಯನ್ನು ಹೆಣದ ನಡಿಗೆಗೆ ನಡೆಸಿದ.